ಹೊಳೆದದ್ದು ಯಾರಿಗೆ

"ನನಗೇ," ಅಂದುಬಿಟ್ಟ.

ಅಂದಮೇಲೆ ನೀರು ಕುಡಿದ. ಸಂದರ್ಶನದ ಮೇಜಿನಾಚೆ ಕೂತಿದ್ದ ಐವರಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಈ ವಿಚಾರ ಮೊದಲು ಹೊಳೆದದ್ದು ಯಾರಿಗೆ ಎಂದು ಕೇಳಿದ್ದ ಮುದುಕ ಹಾಳೆಯ ಮೇಲೆ ಗುರುತು ಹಾಕಿಕೊಂಡ.

ರಾತ್ರಿ ಎಷ್ಟು ಉದ್ದವೆಂದು ಗಿಡ ಮೊದಲೇ ಅಂದಾಜು ಮಾಡುತ್ತದೆ. ಹಗಲು ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಬೆಳಗಿನವರೆಗೆ ಸಾಲುವಂತೆ ಹದವಾಗಿ ಕರಗಿಸಿಕೊಳ್ಳುತ್ತದೆ. ಅವನ ಹೆಸರು ನಿಂತಿರುವುದು ಈ ಒಂದು ಮಾತಿನ ಮೇಲೆ. ಹದಿನಾರು ವರ್ಷದ ಹಿಂದೆ ಪಾತ್ರೆ ತೊಳೆಯುತ್ತ ಹೆಂಡತಿ ಆಡಿದ ಮಾತು. ಅವನು ಪತ್ರಿಕೆ ಓದುತ್ತ ಹೂಂಗುಟ್ಟಿದ್ದ.

ಪ್ರೊಫೆಸರ್ ಹುದ್ದೆ ಒಂದೇ, ಅರ್ಜಿ ಇಬ್ಬರದೂ. ಮೊದಲು ಒಳಗೆ ಹೋಗಿಬಂದವಳು ಅವಳು. ಅವಳು ನಿಜ ಹೇಳಿದ್ದರೆ ಇವನ ಮಾನ ಮೂರು ಕಾಸಿಗೆ ಹರಾಜು.

ಹೊರಗೆ ಬಂದು, ಕಾಯುತ್ತಿದ್ದ ಅವಳ ಪಕ್ಕ, ನಡುವೆ ಒಂದು ಕುರ್ಚಿ ಬಿಟ್ಟು ಕೂತ.

"ನಿನ್ನನ್ನೇನು ಕೇಳಿದರು?"

"ನಿಮ್ಮನ್ನು ಕೇಳಿದ್ದನ್ನೇ."

ಒಂದು ಗಂಟೆಯಾದ ಮೇಲೆ ವಿಭಾಗದ ಮುಖ್ಯಸ್ಥರು ಬಂದು ಅವನ ಕೈ ಕುಲುಕಿದರು. ಆದೇಶ ಬರುವುದೊಂದೇ ಬಾಕಿ ಎಂದರು. ಆಮೇಲೆ ಅವಳ ಕಡೆ ತಿರುಗಿ, ಮೇಡಂ ದೊಡ್ಡ ಮನಸ್ಸಿನವರು, ಕೇಳಿದ ಕೂಡಲೇ ಹೊಳೆದದ್ದು ಗಂಡನಿಗೇ ಎಂದು ಹೇಳಿಬಿಟ್ಟರು, ಗಂಡ ಹೆಂಡತಿಯ ಮಾತು ಹೀಗೆ ತಾಳೆಯಾಗುವುದು ಅಪರೂಪ ಎಂದು ನಕ್ಕರು. ಅವಳೂ ನಕ್ಕಳು. ಅವರು ಹೋದಮೇಲೂ ಆ ನಗು ಅವಳ ಮುಖದ ಮೇಲೆ ಹಾಗೇ ಉಳಿದಿತ್ತು.

"ನಾನು ಸುಳ್ಳು ಹೇಳಿದೆ," ಅಂದಳು. "ನೀವು?"

ಅವಳು ಅತ್ತಿದ್ದರೆ, ಜಗಳಕ್ಕೆ ಬಂದಿದ್ದರೆ, ಅವನ ಹತ್ತಿರ ಉತ್ತರಗಳಿದ್ದವು. ವರ್ಷಗಟ್ಟಲೆ ಮಸೆದಿಟ್ಟುಕೊಂಡಿದ್ದ. ಒಂದೂ ಕೆಲಸಕ್ಕೆ ಬರಲಿಲ್ಲ. ಅವಳ ಮೇಲೆ ಅಸಹ್ಯವೆನ್ನುವಷ್ಟು ಸಿಟ್ಟು ಬಂತು.

"ಯಾಕೆ ಹಾಗಂದೆ?"

"ನೀವೇನು ಹೇಳ್ತೀರೋ ನೋಡೋಣ ಅಂತ."

ಚೀಲದಿಂದ ಕೀಲಿಕೈ ತೆಗೆದು ನಡುವಿನ ಕುರ್ಚಿಯ ಮೇಲಿಟ್ಟಳು. ನೆಲಮಾಳಿಗೆಯ ಕತ್ತಲೆ ಕೋಣೆಯದು, ಪ್ರಯೋಗದ ಮೂವತ್ತೆರಡು ಕುಂಡಗಳಿವೆ, ಇನ್ನು ನಿಮ್ಮವೇ ಎಂದಳು. ಎದ್ದು ಹೋದಳು. ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ.

ಅವನು ನೆಲಮಾಳಿಗೆಗೆ ಇಳಿದ. ಆ ಬಾಗಿಲು ತೆರೆದು ಎಷ್ಟು ವರ್ಷವಾಗಿತ್ತೋ. ಒಳಗೆ ಗೋಡೆ ತಡವಿ, ಕೈಗೆ ಸಿಕ್ಕ ಸ್ವಿಚ್ ಒತ್ತಿದ. ಬಿಳೀ ಟ್ಯೂಬ್‌ಲೈಟು ಝಗ್ಗನೆ ಹತ್ತಿಕೊಂಡಿತು. ಪ್ರಯೋಗಕ್ಕೆಂದು ಮೂರು ದಿನದಿಂದ ಬೆಳಕು ಕಾಣದಂತೆ ಇಟ್ಟಿದ್ದ ಎಲೆಗಳು ಬಿಳಿಚಿಕೊಂಡು ಜೋತುಬಿದ್ದಿದ್ದವು. ಕುಂಡಗಳ ಮೇಲಿನ ಚೀಟಿಗಳೆಲ್ಲ ಅವಳ ಕೈಬರಹ. ಯಾವುದು ಏನೆಂದು ಅವನಿಗೆ ತಿಳಿಯಲಿಲ್ಲ.

ಬೆಳಕು ಬಿದ್ದರೆ ಪ್ರಯೋಗ ಕೆಟ್ಟಂತೆ ಎಂದು ನೆನಪಾಗಿ, ಗಾಬರಿಯಿಂದ ಆರಿಸಿದ. ಆರಿಸಿದ್ದು ತಪ್ಪೇನೋ ಅನಿಸಿ ಮತ್ತೆ ಹಾಕಿದ. ಮತ್ತೆ ಆರಿಸಿದ.

ಕತ್ತಲೆಯಲ್ಲಿ ಮೂವತ್ತೆರಡು ಗಿಡಗಳು ಇನ್ನೊಂದು ರಾತ್ರಿಯ ಉದ್ದವನ್ನು ಮೊದಲಿನಿಂದ ಅಂದಾಜು ಮಾಡತೊಡಗಿದವು. ಅವನು ಸ್ವಿಚ್ಚಿನ ಮೇಲಿನ ಬೆರಳು ತೆಗೆಯದೆ ನಿಂತೇ ಇದ್ದ.