ಸೀಟಿನ ಕೆಳಗಿನ ಗಂಟು

ನನ್ನ ಮಾವ ಪ್ರಭುಸ್ವಾಮಿಯವರು ಮಗಳನ್ನು ಕೊಡುವ ಮುಂಚೆ ನನ್ನನ್ನು ಹೆಚ್ಚೇನೂ ಕೇಳಲಿಲ್ಲ. ಕೆಲಸ ಖಾಯಮ್ಮೇ ಎಂದರು, ಖಾಯಮ್ಮು ಎಂದೆ. ಲಿಂಗಪೂಜೆ ಇಟ್ಟುಕೊಂಡಿದ್ದೀರಾ ಎಂದರು, ಇಟ್ಟುಕೊಂಡಿದ್ದೇನೆ ಎಂದೆ. ಅಲ್ಲಿಗೆ ವಾಣಿ ನನ್ನ ಹೆಂಡತಿಯಾದಳು. ತಮ್ಮ ಮೋಟಾರ್ ಸೈಕಲ್ಲನ್ನು ಕೊಡುವ ಪ್ರಶ್ನೆ ಬಂದಾಗ ಮಾತ್ರ ಅವರು ಹಾಗೆಲ್ಲ ಸುಲಭಕ್ಕೆ ಯಾರನ್ನೂ ನಂಬುವವರಲ್ಲ ಎಂದು ತಿಳಿಯಿತು.

ಅದು ಮೈಸೂರಿನಲ್ಲೇ ಹುಟ್ಟಿದ ಗಾಡಿ. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡು ಪಕ್ಕಕ್ಕೂ ಮುಖ ನೋಡಿಕೊಂಡು ಕ್ರಾಪು ಬಾಚಬಹುದಾದಂಥ ಕ್ರೋಮ್. ಕಾರ್ಖಾನೆಯಲ್ಲಿ ಆ ಕ್ರೋಮ್ ಹಾಕುವ ವಿಭಾಗದಲ್ಲೇ ಮಾವ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ತುಕ್ಕಿನ ಬಗ್ಗೆ ಅವರ ಉಪದೇಶ ಕೇಳಲು ಉಳಿದವರು ಇಬ್ಬರು ಅಳಿಯಂದಿರು ಮಾತ್ರ. ದೊಡ್ಡಳಿಯ ನಾನು, ವಿಮಾ ಕಚೇರಿಯ ಗುಮಾಸ್ತ, ನಜರ್‌ಬಾದಿನ ಬಾಡಿಗೆ ಮನೆಯವನು. ಚಿಕ್ಕಳಿಯ ಮಹಾಂತೇಶ, ಯಾದವಗಿರಿಯ ಬಂಗಲೆಯವನು. ಬಂಗಲೆಗೆ ಶೆಡ್ಡಿತ್ತು, ಶೆಡ್ಡಿಗೆ ಕಾರಿತ್ತು. ನನಗೆ ಸಿಟಿ ಬಸ್ಸಿತ್ತು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ದೇವರಾಜ ಮೊಹಲ್ಲಾದ ಮಾವನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ಮಾವ ಮಾತು ತೆಗೆದರು.

"ಮಂಡಿ ಕೇಳ್ತಿಲ್ಲ. ಕಿಕ್ಕರ್ ಹೊಡೆಯೋಕಾಗಲ್ಲ. ಗಾಡೀನ ನಿಮ್ಮಿಬ್ರಲ್ಲಿ ಒಬ್ರಿಗೆ ಒಪ್ಪಿಸ್ಬೇಕು."

"ನಮ್ಮ ಶೆಡ್ಡಲ್ಲಿ ಜಾಗ ಇದೆ ಮಾವ," ಎಂದ ಮಹಾಂತೇಶ. "ಅಣ್ಣಾವ್ರ ಮನೇಲಿ ಚರಂಡಿ ಕಲ್ಲಿನ ಮೇಲೆ ನಿಲ್ಬೇಕಾಗುತ್ತೆ."

ಅದು ನಿಜವೇ ಆಗಿತ್ತು. ನನ್ನ ವಿರುದ್ಧ ಜನ ಹೇಳುವ ಮಾತುಗಳಲ್ಲಿ ಸುಳ್ಳು ಕಡಿಮೆ. ನನ್ನ ಕಷ್ಟವೇ ಅದು. ಆದರೂ ಆ ಗಾಡಿ ನನಗೆ ಬೇಕಿತ್ತು. ವಾಣಿಯನ್ನು ಹಿಂದೆ ಕೂರಿಸಿಕೊಂಡು ಈ ಮನೆಯ ಮುಂದೆ ಒಂದು ಸಲ ನಿಲ್ಲಿಸಬೇಕು, ಮಾವ ಹೊರಗೆ ಬಂದು ಗಾಡಿಯನ್ನೂ ನನ್ನನ್ನೂ ಒಟ್ಟಿಗೇ ನೋಡಬೇಕು ಎಂಬ ಆಸೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನಿಗೆ ಬೆಳಕಿನಲ್ಲಿ ಯಾರಾದರೂ ನೋಡಲಿ ಎಂಬ ಚಪಲ ಇರುತ್ತದೇನೋ.

"ಅದಿರ್ಲಿ, ಅಣ್ಣಾವ್ರಿಗೆ ಕಾರವಾರಕ್ಕೆ ವರ್ಗ ಆಗಿದೆಯಂತಲ್ಲ?" ಮಹಾಂತೇಶ ನಕ್ಕ. "ಅಲ್ಲಿಗೆ ತಗೊಂಡೋದ್ರೆ ದಸರಾಗೆ ಗಾಡೀನ ಗೋಣಿಚೀಲದಲ್ಲಿ ತುಂಬ್ಕೊಂಡು ಬರ್ಬೇಕು ಅಷ್ಟೆ."

ಆ ನಗುವೇ ಮಾವನಿಗೆ ದಾರಿ ತೋರಿಸಿತು. ಅವರು ತಟ್ಟೆ ಕೆಳಗಿಟ್ಟರು.

"ಅಳಿಯಂದ್ರೇ, ತಗೊಂಡೋಗಿ. ಸಮುದ್ರದ ಪಕ್ಕ ಒಂದು ಮಳೆಗಾಲ ಕಾಪಾಡಿ ತೋರ್ಸಿ. ಆಯುಧಪೂಜೆ ದಿನ ನಾನೇ ನೋಡ್ತೀನಿ. ತುಕ್ಕು ಕಾಣಿಸ್ಲಿಲ್ಲ ಅಂದ್ರೆ ಗಾಡಿ ನಿಮ್ದು. ಕಾಣಿಸ್ತೋ, ಮಹಾಂತೇಶಂದು."

ಮಗಳ ವಿಷಯದಲ್ಲಿ ಇಂಥ ಪರೀಕ್ಷೆ ಇಟ್ಟಿದ್ದರೆ ನಾನು ಇವತ್ತಿಗೂ ಬ್ರಹ್ಮಚಾರಿ.

ಹೊರಡುವ ತನಕ ಉಪದೇಶ ನಡೆಯಿತು. "ಉಪ್ಪಿಗೆ ಕಾಲಿಲ್ಲ. ನೀರು ಸಿಕ್ತು ಅಂದ್ರೆ ಕಾಲು ಬರುತ್ತೆ, ಎಲ್ಲಿಗೆ ಬೇಕಾದ್ರೂ ನಡ್ಕೊಂಡೋಗುತ್ತೆ. ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೀಬೇಕು, ಒಣಗ್ಸಿ ಒರೆಸ್ಬೇಕು. ಕ್ರೋಮಿಗೆ, ಚಕ್ರದ ಕಡ್ಡಿಗಳಿಗೆ ತೆಳ್ಳಗೆ ಎಣ್ಣೆ ಕೈ. ನಟ್ಟು ಬೋಲ್ಟಿಗೆ ಗ್ರೀಸು. ಪ್ಲಾಸ್ಟಿಕ್ ಮಾತ್ರ ಹೊದಿಸ್ಬೇಡಿ, ಒಳಗೇ ಬೆವರುತ್ತೆ. ಬಟ್ಟೆ ಹೊದಿಸಿ."

ಲಾರಿ ಬಂದ ದಿನ ಅತ್ತೆ ಗಿರಿಜಾಂಬಾನವರು ಮಠದಿಂದ ತಂದ ವಿಭೂತಿಯನ್ನು ಹೆಡ್‌ಲೈಟಿನ ಮೇಲೆ ಮೂರು ಬೆರಳಲ್ಲಿ ಎಳೆದರು. ಆಮೇಲೆ, ಮಾವ ಲಾರಿಯವನೊಡನೆ ಬಾಡಿಗೆ ಮಾತಾಡುತ್ತಿದ್ದಾಗ, ನಮ್ಮನ್ನೆಲ್ಲ ಆಚೆ ಸರಿಸಿ, ಸೀಟು ಎತ್ತಿ, ಬಿಳಿ ಬಟ್ಟೆಯ ಪುಟ್ಟ ಗಂಟೊಂದನ್ನು ಒಳಗೆ ಕಬ್ಬಿಣಕ್ಕೆ ಬಿಗಿದು ಕಟ್ಟಿದರು.

"ರೇವಣಸಿದ್ದಪ್ಪ, ಅದನ್ನ ಮುಟ್ಬೇಡಿ. ಬಿಚ್ಬೇಡಿ. ಕಾಯೋದು ಅದೇ ಕಣಪ್ಪ."

ಮಠದ ವಿಭೂತಿ ಎಂದುಕೊಂಡೆ. ಕೇಳಲಿಲ್ಲ. ಪ್ರಸಾದ ಕೊಟ್ಟವರನ್ನು ಇದೇನು ಎಂದು ಕೇಳುವವನು ಎಂಥ ಅಳಿಯ?

ಕಾರವಾರದಲ್ಲಿ ನಾನು ಕಚೇರಿ ಕೆಲಸ ಮಾಡಿದೆನೋ ಇಲ್ಲವೋ ನೆನಪಿಲ್ಲ. ಗಾಡಿ ತೊಳೆದದ್ದು ನೆನಪಿದೆ. ಅಲ್ಲಿಯ ಮಳೆ ಮೇಲಿನಿಂದ ಬೀಳುವುದಷ್ಟೇ ಅಲ್ಲ, ಪಕ್ಕದಿಂದಲೂ ಬರುತ್ತದೆ. ಗಾಳಿ ನಾಲಿಗೆಗೇ ಉಪ್ಪುಪ್ಪಾಗಿ ತಾಗುತ್ತದೆ. ಮಳೆ ಹಿಡಿದ ಮೇಲೆ ಗಾಡಿ ಓಡಿಸಿದ್ದು ಅಪರೂಪ. ಓಡಿಸಿದರೆ ತೊಳೆಯಬೇಕು, ಓಡಿಸದಿದ್ದರೂ ತೊಳೆಯಬೇಕು. ನನ್ನ ಹಾಸಿಗೆಯ ದುಪ್ಪಟಿ ಗಾಡಿಗೆ ಹೋಯಿತು, ನಾನು ಪಂಚೆ ಹೊದ್ದು ಮಲಗಿದೆ. ತಲೆಗೆ ಹಚ್ಚಲು ತಂದ ಎಣ್ಣೆಯೂ ಒಮ್ಮೆ ಕಡ್ಡಿಗಳ ಪಾಲಾಯಿತು. ಮನೆಯ ಮಾಲೀಕರು ದಿನಾ ಜಗಲಿಯಿಂದ ನೋಡುತ್ತಿದ್ದರು. ಈ ಮನುಷ್ಯನಿಗೆ ಹೆಂಡತಿ ಇದ್ದಾಳೆ ಎಂಬುದನ್ನು ಅವರು ಕೊನೆಯವರೆಗೂ ನಂಬಲಿಲ್ಲ.

ಮೈಸೂರಿನಲ್ಲೇ ಉಳಿದಿದ್ದ ಹೆಂಡತಿಯೊಡನೆ ಮಾತು ಎಸ್‌ಟಿಡಿ ಬೂತಿನಿಂದ.

"ಅಪ್ಪ ಕೇಳಿದ್ರು, ಹೇಗಿದೆ ಅಂತ."

"ಪರವಾಗಿಲ್ಲ ಅನ್ನು. ಸ್ವಲ್ಪ ಶೀತ, ಅಷ್ಟೆ."

"ನಿಮ್ಮನ್ನಲ್ಲ ಕಣ್ರೀ, ಗಾಡೀನ."

ಸೀಟನ್ನು ಮಾತ್ರ ನಾನು ಎತ್ತುತ್ತಿರಲಿಲ್ಲ. ಒಂದು ಸಲ ಎತ್ತಿದಾಗ ಗಂಟು ಒದ್ದೆಯಾಗಿ ಅದರಿಂದ ಬೆಳ್ಳನೆಯ ನೀರು ಇಳಿದಿತ್ತು. ಕಾರವಾರದ ಹವೆಗೆ ವಿಭೂತಿಯೂ ಬೆವರುತ್ತದೆ ಎಂದುಕೊಂಡು ಕೈಮುಗಿದೆ. ಪ್ರಸಾದಕ್ಕೆ ತೊಳೆದ ನೀರು ಸೋಕಬಾರದು, ಗ್ರೀಸಿನ ಕೈ ತಾಗಬಾರದು. ಸೀಟು ಮುಚ್ಚಿ, ಅದರ ಸುತ್ತಲಿನ ಭಾಗವನ್ನೆಲ್ಲ ಇನ್ನಷ್ಟು ಶ್ರದ್ಧೆಯಿಂದ ತೊಳೆದೆ. ಇಡೀ ಗಾಡಿಯಲ್ಲಿ ನಾನು ದೇವರಿಗೆ ಬಿಟ್ಟ ಜಾಗ ಅದೊಂದೇ.

ಆಯುಧಪೂಜೆಯ ಬೆಳಿಗ್ಗೆ ಗಾಡಿ ಮಾವನ ಮನೆಯ ಮುಂದೆ ನಿಂತಿತ್ತು. ಊರೆಲ್ಲ ಬೂದುಗುಂಬಳಕಾಯಿ ಒಡೆಯುವ ಸಡಗರದಲ್ಲಿದ್ದರೆ ನಾನು ಫಲಿತಾಂಶದ ಬೋರ್ಡಿನ ಮುಂದೆ ನಿಂತವನ ಹಾಗೆ ನಿಂತಿದ್ದೆ. ಮಾವ ಒಗೆದ ಬಿಳಿ ವಲ್ಲಿ ಹಿಡಿದು ಬಂದರು. ಟ್ಯಾಂಕಿನ ಮೇಲೆ ಎಳೆದರು, ನೋಡಿದರು. ಸೈಲೆನ್ಸರಿನ ಅಡಿಗೆ ಎಳೆದರು, ನೋಡಿದರು. ಮಂಡಿ ಕೇಳುವುದಿಲ್ಲ ಎಂದವರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡ್ಡಿ ಕಡ್ಡಿಗೂ ಒರೆಸಿದರು. ವಲ್ಲಿ ಬಿಳಿಯಾಗೇ ಇತ್ತು.

"ಪರವಾಗಿಲ್ಲ," ಎಂದರು.

ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಯಾರೂ ಕೇಳಿಲ್ಲ. ಬಾಗಿಲಲ್ಲಿ ನಿಂತಿದ್ದ ವಾಣಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಅಷ್ಟರಲ್ಲಿ ಮಹಾಂತೇಶ ಅಂದ:

"ಸೀಟು ಎತ್ತಿ ನೋಡ್ಲಿಲ್ವಲ್ಲ ಮಾವ."

"ಅಲ್ಲಿ ಪ್ರಸಾದ ಇದೆ," ಎಂದೆ.

"ಪ್ರಸಾದ ಎಲ್ಲಿಂದ ಬಂತು?" ಎಂದ ಮಾವ ಸೀಟು ಎತ್ತಿಯೇಬಿಟ್ಟರು.

ಒಳಗೆ ಕಬ್ಬಿಣ ಇರಲಿಲ್ಲ, ಇದ್ದದ್ದು ಕೆಮ್ಮಣ್ಣು. ಗಂಟಿನ ಬಟ್ಟೆ ತುಕ್ಕಿಗೆ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಮಡ್‌ಗಾರ್ಡಿನವರೆಗೆ ತುಕ್ಕು ದಾರಿ ಮಾಡಿಕೊಂಡು ಇಳಿದಿತ್ತು. ಮಾವ ಗಂಟನ್ನು ಕಿತ್ತರು, ಮೂಸಿದರು, ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿದರು.

"ಉಪ್ಪು!"

"ಸಮುದ್ರಾನ ಗಂಟು ಕಟ್ಕೊಂಡೇ ಬಂದ್ಬುಟ್ಟಿದೀರಲ್ಲ ಅಣ್ಣಾವ್ರೇ!" ಎಂದ ಮಹಾಂತೇಶ.

ಅತ್ತೆಯ ಹೆಸರು ಹೇಳಿದರೆ ಚಾಡಿ, ಹೇಳದಿದ್ದರೆ ಗಾಡಿ ಹೋಯಿತು. ನಾನು ಎರಡನ್ನೂ ತೂಗುತ್ತಿದ್ದಾಗ ಅತ್ತೆಯೇ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದರು.

"ಯಾಕೆ ಅವರನ್ನ ನೋಡ್ತೀರಾ? ನಾನೇ ಕಟ್ಟಿದ್ದು. ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ. ಗಾಡಿಗೆ ದೃಷ್ಟಿ ತಾಗ್ಬಾರ್ದು ಅಂತ."

ಮಾವ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡರು. "ಅಲ್ವೇ, ಉಪ್ಪು ಸೋಕದಂಗೆ ನೋಡ್ಕೊಳ್ಳಿ ಅಂತ ನಾನು ಅಳಿಯಂದ್ರಿಗೆ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡೆ. ನೀನು ಮನೆಯಿಂದ್ಲೇ ಕಟ್ಟಿ ಕಳ್ಸಿದ್ಯಾ?"

"ಅದು ಸಮುದ್ರದ ಉಪ್ಪು ಕಣ್ರೀ. ಇದು ದೃಷ್ಟಿಗೆ ಇಳಿ ತೆಗೆದ ಉಪ್ಪು. ಇದ್ಯಾಕೆ ತುಕ್ಕು ಹಿಡಿಸುತ್ತೆ?"

"ಕಬ್ಬಿಣಕ್ಕೆ ಅದೆಂಗೇ ಗೊತ್ತಾಗ್ಬೇಕು?"

"ಅದೆಲ್ಲಾ ನಂಗೊತ್ತಿಲ್ಲ. ಅಷ್ಟು ದಪ್ಪ ಗಂಟು ಕಟ್ಟಿದ್ದೆ, ಕರಗಿ ನೀರಾಗ್ಬುಟ್ಟಿದೆ ನೋಡಿ. ಎಷ್ಟು ದೃಷ್ಟಿ ಎಳ್ಕೊಂಡಿರ್ಬೇಕು! ಇದಿಲ್ದಿದ್ರೆ ಗಾಡಿ ಇರ್ತಿತ್ತಾ, ಅಳಿಯಂದ್ರು ಇರ್ತಿದ್ರಾ?" ಎಂದು ಅತ್ತೆ ಮಹಾಂತೇಶನ ಕಡೆ ನೋಡಿದರು. ಹೆಚ್ಚು ಹೊತ್ತೇನೂ ನೋಡಲಿಲ್ಲ, ಆದರೆ ನೋಡಿದರು.

ಆಯುಷ್ಯವೆಲ್ಲ ಕ್ರೋಮ್ ಹಾಕಿದ ಮನುಷ್ಯ ಗಂಟನ್ನು ಗಾಡಿಯಿಂದ ದೂರ, ಮೆಟ್ಟಿಲ ಮೇಲಿಟ್ಟರು.

"ಮಾವ," ಎಂದೆ. "ಎಲ್ಲಿಂದ ಬಂದ್ರೂ ತುಕ್ಕು ತುಕ್ಕೇ. ಮಾತಿನ ಪ್ರಕಾರ ಗಾಡಿ ಮಹಾಂತೇಶಂದು."

ಹಾಗೆ ಹೇಳಿದರೆ ಯಾರಾದರೂ "ಛೇ, ಎಲ್ಲಾದ್ರೂ ಉಂಟೇ" ಎನ್ನುತ್ತಾರೆ ಎಂಬ ಆಸೆ ನನಗಿತ್ತು. ಯಾರೂ ಎನ್ನಲಿಲ್ಲ. ವಾಣಿ ಹಣೆಗೆ ಕೈ ಹಚ್ಚಿಕೊಂಡಳು.

ಮಹಾಂತೇಶ ಮುಂದೆ ಬಂದು ಕಾರಿನ ಕೀಲಿಯಿಂದ ಮಡ್‌ಗಾರ್ಡನ್ನು ಕೆರೆದ. ಹಪ್ಪಳದ ಚೂರಿನಂಥದ್ದೊಂದು ಕೆಳಗೆ ಬಿತ್ತು. ಇನ್ನೊಮ್ಮೆ ಒತ್ತಿದ. ಕೀಲಿ ತಗಡನ್ನು ತೂರಿ ಆಚೆ ಬಂತು. ಅವನು ಗಂಟನ್ನು ನೋಡಿದ, ಕರಗಿದ ಉಪ್ಪನ್ನು ನೋಡಿದ, ಕೀಲಿಯನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋಗಿ ಕೈ ತಡೆದ.

"ಬೇಡ ಬುಡಿ ಮಾವ. ನಾನೇನು ಇದನ್ನೆಲ್ಲ ನಂಬೋನಲ್ಲ. ಆದ್ರೂ ಇಷ್ಟು ದೃಷ್ಟಿ ಇಳಿದಿರೋ ಗಾಡಿ... ಮನೇಲಿ ಮಗು ಇದೆ. ಅಣ್ಣಾವ್ರೇ ಇಟ್ಕೊಳ್ಲಿ."

ಹೀಗೆ ಗಾಡಿ ನನ್ನದಾಯಿತು. ದುಪ್ಪಟಿ, ತಲೆಯೆಣ್ಣೆ, ಶೀತ ಇವು ಯಾವುದಕ್ಕೂ ಅದು ದಕ್ಕಲಿಲ್ಲ. ನಾನು ಒರೆಸಿದ ಕಡೆಗಳಿಂದಲ್ಲ, ಒರೆಸದೆ ಬಿಟ್ಟ ಕಡೆಯಿಂದ ದಕ್ಕಿತು. ಕುಂಬಳಕಾಯಿ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ನಾನು ಕಾರವಾರಕ್ಕೆ ಬಸ್ಸಲ್ಲಿ ಮರಳುವುದು, ಗಾಡಿ ನಜರ್‌ಬಾದಿನ ಮನೆಯಲ್ಲೇ ಇರುವುದು ಎಂದಾಯಿತು. ವಾಣಿ ಸೆರಗು ಸರಿಮಾಡಿಕೊಂಡು ಹಿಂದೆ ಕೂತಳು. ಇನ್ನೇನು ಹೊರಡಬೇಕು, ಅತ್ತೆ ಒಳಗಿನಿಂದ ಓಡಿ ಬಂದರು. ಕೈಯಲ್ಲಿ ಹೊಸ ಬಿಳಿ ಬಟ್ಟೆಯ ಗಂಟು.

"ಇಳೀರಿ ಇಬ್ರೂ. ಹಳೇದು ಕರಗೋಗಿದೆ. ಕಟ್ಟದೆ ಹೆಂಗೆ ಕಳಿಸ್ಲಿ?"

ನಾನು ಮಾವನ ಮುಖ ನೋಡಿದೆ. ಈ ಸಲವಾದರೂ ಅವರು ಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಒಳಗೆ ಹೋಗಿ, ತೊಳೆದು ಒಣಗಿಸಿಟ್ಟಿದ್ದ ಹಾಲಿನ ಪ್ಯಾಕೆಟ್ಟಿನ ಕವರೊಂದನ್ನು ತಂದು, ಹೆಂಡತಿಗೆ ಕಾಣದ ಹಾಗೆ ನನ್ನ ಜೇಬಿಗೆ ತುರುಕಿದರು.

"ತಿರುವು ದಾಟಿದ ಮೇಲೆ ಗಂಟನ್ನ ಇದರೊಳಗೆ ಹಾಕಿ, ಬಾಯಿ ಬಿಗಿದು ಕಟ್ಕೊಳಿ," ಎಂದು ಪಿಸುಗುಟ್ಟಿದರು. "ಬಿಸಾಕೋಕೆ ಮಾತ್ರ ಹೋಗ್ಬೇಡಿ ಅಳಿಯಂದ್ರೇ. ಅವಳು ಮುಂದಿನ ಸೋಮವಾರ ಸೀಟು ಎತ್ತಿ ನೋಡ್ತಾಳೆ."