ಲೋಳೆಯಪ್ಪನ ಜಾಡಿ

ಮಗಳು ಬಚ್ಚಲಿನ ಬಾಗಿಲು ತಳ್ಳುವಷ್ಟರಲ್ಲಿ ಅತ್ತೆ ಜಾಡಿಯನ್ನು ಬರಿದುಮಾಡಿ, ಮೂರನೇ ಸಲ ಫಿನಾಯಿಲ್ ಸುರಿದು ಉಜ್ಜುತ್ತಿದ್ದರು. ನಡುಮನೆಯಲ್ಲಿ ಅಪ್ಪನ ದೇಹವಿತ್ತು. ಇನ್ನೊಂದು ಗಂಟೆಯಲ್ಲಿ ಎತ್ತಬೇಕು.

"ಏನ್ ಗಲೀಜೋ, ಹಳಸಿದ ಗಂಜಿ ಹಾಗೆ ಕಟ್ಕೊಂಡಿತ್ತು," ಎಂದರು ಅತ್ತೆ. "ಬಂದವರು ನೋಡಿದ್ರೆ ನನ್ನ ತಮ್ಮನ್ನ ಏನಂದ್ಕೋತಾರೆ?"

ಅಪ್ಪ ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಸಾಕಿದ್ದ ಲೋಳೆಯ ಬೀಜ, ಮೊಸರಿಗೆ ಹೆಪ್ಪಿದ್ದ ಹಾಗೆ, ಇದ್ದದ್ದು ಆ ಜಾಡಿಯಲ್ಲಿ. ಹೇಳಿದರೆ ಅತ್ತೆ ಅಲ್ಲೇ ಕುಸಿದು ಕೂರುತ್ತಾರೆ. ಅವರನ್ನು ಸಮಾಧಾನ ಮಾಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

*

ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದುದೇ ಲೋಳೆಯಪ್ಪ ಎಂದು. ಹಣ್ಣಿನ ರಸ ತೆಗೆದು ಉಳಿದ ಸಿಪ್ಪೆ, ತಿರುಳಿನಿಂದ ವಿನೆಗರ್ ಮಾಡುವ ಟವರ್ ಅವನ ಸುಪರ್ದಿನಲ್ಲಿತ್ತು. ಟವರ್ ಎಂದರೆ ಎರಡಾಳೆತ್ತರದ ಮರದ ಪೀಪಾಯಿ. ಅದರ ತುಂಬ ಬಡಗಿ ಹೆರೆದ ಮರದ ಸುರುಳಿಗಳು, ಸುರುಳಿಗಳ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿದ ಲೋಳೆ. ಹುದುಗು ಬಂದ ರಸವನ್ನು ಪಂಪಿನಿಂದ ಏರಿಸಿ ಮೇಲಿಂದ ತೊಟ್ಟಿಕ್ಕಿಸಿದರೆ ಕೆಳಗೆ ವಿನೆಗರ್ ಬರುತ್ತಿತ್ತು. ಹೊಸದಾಗಿ ಬಂದ ಇಂಜಿನಿಯರುಗಳೆಲ್ಲ ಅದನ್ನು ಬಯೋಫಿಲ್ಮ್ ಎಂದು ವಿವರಿಸಲು ಹೊರಟರೆ, ಹೆಸರು ಏನಾದರೂ ಇಡಿ, ಒಣಗಿಸಬೇಡಿ ಅಷ್ಟೆ, ಎನ್ನುತ್ತಿದ್ದ. ಬೆಳಗ್ಗೆ ಪೀಪಾಯಿಗೆ ಕಿವಿಯಿಟ್ಟು ತೊಟ್ಟಿಕ್ಕುವ ಸದ್ದು ಕೇಳಿದ ಮೇಲೆಯೇ ಅವನಿಗೆ ಚಹಾ ಗಂಟಲಲ್ಲಿ ಇಳಿಯುತ್ತಿದ್ದುದು.

ನಾಲ್ಕು ದಿನದ ಹಿಂದೆ ಅವನು ಪಂಪಿನ ಪಕ್ಕ ಕುಸಿದುಬಿದ್ದ. ಬಾಟಲಿ ತುಂಬುವ ವಿಭಾಗದಲ್ಲಿದ್ದ ಮಗಳು ಓಡಿಬಂದವಳೇ, ಕರೆಂಟು ಹೊಡೆದಿದೆ ಎಂದುಕೊಂಡು ಪಂಪಿನ ಸ್ವಿಚ್ಚು ಆರಿಸಿದಳು. ಆದರೆ ಕೈಕೊಟ್ಟಿದ್ದು ಹೃದಯ. ಆಸ್ಪತ್ರೆಯ ಓಡಾಟದಲ್ಲಿ ಸ್ವಿಚ್ಚು ಮತ್ತೆ ಹಾಕುವುದು ಯಾರಿಗೂ ನೆನಪಾಗಲಿಲ್ಲ. ನಿನ್ನೆ ಮಗಳು ಹೋಗಿ ನೋಡಿದರೆ ಟವರಿನ ಲೋಳೆ ಕಪ್ಪಾಗಿ, ಒಣಗಿ ಉದುರುತ್ತಿತ್ತು. ಹೊರಗಿನಿಂದ ತರಿಸಿದ ಬೀಜ ಈ ರಸಕ್ಕೆ ಹಿಂದೆ ಎರಡು ಸಲ ಹಿಡಿದಿರಲಿಲ್ಲ.

*

ಅಂಗಳದಲ್ಲಿ ಮೂವತ್ತು ಜನ ಕೆಲಸಗಾರರು ನಿಂತಿದ್ದರು. ಟವರ್ ನಿಂತರೆ ಅವರ ಕೆಲಸವೂ ಇಲ್ಲ, ಅವಳದೂ ಇಲ್ಲ. ಕಾರ್ಖಾನೆಯ ಮಾಲೀಕರು ಬಾಗಿಲಲ್ಲಿ ಅವಳನ್ನು ತಡೆದು, ತಗ್ಗಿದ ದನಿಯಲ್ಲಿ ಕೇಳಿದರು.

"ಇವತ್ತು ಕೇಳಬಾರದಮ್ಮ. ಆದ್ರೂ... ಮನೇಲಿ ಸ್ವಲ್ಪ ಇಟ್ಟಿದ್ದ ಅಲ್ವಾ?"

"ಅತ್ತೆ ತೊಳೆದುಬಿಟ್ರು ಸರ್." ಅವಳಿಗೆ ತಡೆಯಲಾಗಲಿಲ್ಲ. "ಟವರ್ ಒಣಗಿದ್ದೂ ನನ್ನಿಂದಲೇ. ಸ್ವಿಚ್ ಆರಿಸಿದ್ದು ನಾನು."

"ಗೊತ್ತು," ಎಂದರು ಅವರು. "ಆ ಸ್ವಿಚ್ಚಿನ ಮುಂದೆ ನಾನೂ ಮೂರು ದಿನ ಓಡಾಡಿದೀನಿ."

ಆಗ ಅವಳಿಗೆ ಜಾಡಿಯ ಮರದ ಮುಚ್ಚಳದ ನೆನಪಾಯಿತು. ಅದರ ಒಳಮೈಗೂ ಲೋಳೆ ಹತ್ತಿರುತ್ತಿತ್ತು. ಮುಚ್ಚಳ ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆ, ದೇಹ ಮಲಗಿಸಿದ ಬೆಂಚು ಅಲ್ಲಾಡುತ್ತಿತ್ತೆಂದೂ ತಲೆಯ ಕಡೆಯ ಕಾಲಿನಡಿ ಅದನ್ನೇ ಕೊಟ್ಟೆನೆಂದೂ ಹೇಳಿದರು.

ನಾಲ್ಕು ಜನ ಸೇರಿ ಬೆಂಚನ್ನು ಅಪ್ಪನ ಸಮೇತ ಎತ್ತಿದರು. ಮಗಳು ಮೊಣಕಾಲೂರಿ ಮುಚ್ಚಳ ಎಳೆದು ತಿರುಗಿಸಿದಳು. ನೆಲಕ್ಕೆ ಅಂಟಿದ್ದ ಬದಿಯಲ್ಲಿ ಲೋಳೆ ಇನ್ನೂ ಬೆಳ್ಳಗೆ, ಒದ್ದೆಯಾಗಿಯೇ ಇತ್ತು. ಮೂಸಿದರೆ ಮೂಗಿಗೆ ಹುಳಿ ಚುರುಕ್ಕೆಂದಿತು. ಅಪ್ಪ ಕಣ್ಣು ಮುಚ್ಚಿದ ಮೇಲೆ ಅವಳು ಮೊದಲ ಸಲ ಅತ್ತಳು.

ಗಾಳಿಗೆ ಒಣಗುವ ಮೊದಲು ಇದು ಹುದುಗು ಬಂದ ರಸಕ್ಕೆ ಬೀಳಬೇಕು. ಕಾರ್ಖಾನೆಗೆ ಹೋಗಿಬರಲು ಒಂದು ಗಂಟೆಯಾದರೂ ಬೇಕು. ಜಾಡಿಯಲ್ಲಿದ್ದುದು ಏನೆಂದು ಈಗ ಅತ್ತೆಗೂ ಗೊತ್ತಾಗಿತ್ತು. ಅವಳು ಅವರ ಮುಖ ನೋಡಿದಳು.

"ಹೋಗು," ಎಂದರು ಅತ್ತೆ. "ನೀನು ಬರೋವರೆಗೂ ಅವನನ್ನ ಎತ್ತೋಕೆ ಬಿಡಲ್ಲ."

ಮುಚ್ಚಳಕ್ಕೆ ಒದ್ದೆ ಟವೆಲು ಸುತ್ತಿ, ಎದೆಗವಚಿಕೊಂಡು ಹೊರಟಳು. ಗೇಟಿನ ಬಳಿ ತಿರುಗಿ ನೋಡಿದಾಗ ತೆರೆದ ಬಾಗಿಲಿಂದ ನಡುಮನೆಯಲ್ಲಿ ಮಾಲೀಕರು ಕಂಡರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು, ಅಪ್ಪನ ತಲೆಯ ಕಡೆಯ ಬೆಂಚಿನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಯಾರೋ ಇಟ್ಟಿಗೆ ತಂದು ಪಕ್ಕದಲ್ಲಿಟ್ಟರು. ಅವರು ಕೈ ಬಿಡಲಿಲ್ಲ.