ಇರುವೆಗಳು ಮೂಸದ ಮೊಸರು

ನನ್ನ ಮಗ ಹದಿನಾಲ್ಕನೇ ನಂಬರಿನ ಬಸ್ಸು ಓಡಿಸುತ್ತಾನೆ. ಅವನು ಬ್ರೇಕ್ ಹಾಕಿದರೆ ಬಸ್ಸಿನಲ್ಲಿ ಮಲಗಿದ ಕೂಸು ಮಗ್ಗುಲು ಕೂಡ ಬದಲಿಸುವುದಿಲ್ಲ. ಅವನ ಹೊಟ್ಟೆ ಮಾತ್ರ ಅವನಿಗಿಂತ ಒಂದು ಸ್ಟಾಪು ಮುಂಚೆಯೇ ಇಳಿಯುತ್ತಿತ್ತು.

ಡಿಪೋದಲ್ಲಿ ಡ್ರೈವರುಗಳಿಗೆ ವರ್ಷಕ್ಕೊಮ್ಮೆ ತಪಾಸಣೆ. ಈ ಸಲ ಡಾಕ್ಟರಮ್ಮ ತೂಕ ಜಾಸ್ತಿ, ರಕ್ತದಲ್ಲಿ ಸಕ್ಕರೆಯೂ ಜಾಸ್ತಿ ಎಂದರು. ಕೊಬ್ಬಿನ ಪದಾರ್ಥ ಕಡಿಮೆ ಮಾಡಿ, ನಡೆದಾಡಿ, ನಾಲ್ಕು ತಿಂಗಳು ಬಿಟ್ಟು ಬನ್ನಿ. ಆಗಲೂ ಇಳಿಯದಿದ್ದರೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ, ಟೈರು ಶೆಡ್ಡಿಗೆ ಹೋಗಬೇಕು ಎಂದರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನಿಗೆ ಟೈರು ಶೆಡ್ಡು. ಮಗ ಎರಡು ದಿನ ಹಾರ್ನ್ ಕಿತ್ತುಹೋದ ಗಾಡಿಯ ಹಾಗೆ ಮನೆಯೊಳಗೆ ಓಡಾಡಿದ.

ಸೊಸೆ ಕೈಕಟ್ಟಿ ಕೂರುವವಳಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳಿಗೆ. ಭಾನುವಾರ ಬೆಳಿಗ್ಗೆ ಫ್ರಿಜ್ಜು ಖಾಲಿ ಮಾಡಿದಳು. ಬೆಣ್ಣೆ ಡಬ್ಬಿ, ನಾನು ಹೆಪ್ಪು ಹಾಕಿದ್ದ ಕಲ್ಲಿನಂಥ ಮೊಸರು, ಎಲ್ಲವೂ ಪಕ್ಕದ ಮನೆಗೆ ಹೊರಟವು. ಅವುಗಳ ಜಾಗಕ್ಕೆ ಹಸಿರು ಡಬ್ಬಿ, ಹಸಿರು ಪೊಟ್ಟಣ ಬಂದವು. ಕೊಬ್ಬು ಕಡಿಮೆಯ ಮೊಸರು, ಕೊಬ್ಬು ಕಡಿಮೆಯ ಬಿಸ್ಕತ್ತು. ಫ್ರಿಜ್ಜಿನ ಬಾಗಿಲು ತೆಗೆದರೆ ಹಸು ಬಂದು ಮೇಯಬೇಕು, ಅಷ್ಟು ಹಸಿರು.

"ಕೊಬ್ಬು ತೆಗೆದು ಆ ಜಾಗಕ್ಕೆ ಏನು ತುಂಬಿದಾರಮ್ಮ?" ಎಂದು ಕೇಳಿದೆ.

"ಏನೂ ಇಲ್ಲ ಅತ್ತೆ."

"ಏನೂ ಇಲ್ಲದಿದ್ರೆ ಡಬ್ಬಿ ಯಾಕೆ ಇಷ್ಟು ಭಾರ?"

ಸೊಸೆ ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಮಗನಿಗಂತೂ ಹಬ್ಬ. ಹಿಂದೆ ಎರಡು ಚಮಚ ಮೊಸರು ತಿನ್ನುತ್ತಿದ್ದವನು, ಇದು ಕೊಬ್ಬಿಲ್ಲದ್ದು ತಾನೇ ಎಂದು ಎರಡು ಡಬ್ಬಿ ಬಳಿದು ತಿಂದ. ಬಿಸ್ಕತ್ತಿನ ಪೊಟ್ಟಣ ಸ್ಟಿಯರಿಂಗಿನ ಪಕ್ಕದಲ್ಲೇ ಇಟ್ಟುಕೊಂಡ. ಪ್ರತಿ ಕೆಂಪು ದೀಪಕ್ಕೂ ಒಂದೊಂದು. ನಮ್ಮೂರಿನಲ್ಲಿ ಕೆಂಪು ದೀಪಗಳು ಆಕಾಶದ ನಕ್ಷತ್ರಕ್ಕಿಂತ ನಾಲ್ಕು ಹೆಚ್ಚೇ ಇವೆ.

ಎರಡು ತಿಂಗಳಾದ ಮೇಲೆ ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ರಕ್ತ ಕೊಟ್ಟು ಬಂದ. ಸಕ್ಕರೆ ಇನ್ನೂ ಏರಿತ್ತು.

"ಅಮ್ಮ, ನನಗೆ ಈಗ್ಲೇ ಟೈರಿನ ವಾಸನೆ ಬರ್ತಿದೆ" ಎಂದ ಮಗ. ಊಟ ಮಾಡದೆ ಎದ್ದ.

ಸೊಸೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದವಳು ನನ್ನ ಮುಂದೆ ನಿಂತಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಕದ್ದುಮುಚ್ಚಿ ಬೆಣ್ಣೆ ಏನಾದ್ರೂ ಕೊಡ್ತಿದೀರಾ?"

ನಾನು ಜಗಳಕ್ಕೆ ಹೆದರುವವಳಲ್ಲ. ನನ್ನ ಗಂಡ ಬದುಕಿದ್ದಾಗ ನನ್ನ ದನಿಗೆ ಮೂರು ಬೀದಿಯಾಚೆ ಕಿಟಕಿ ಮುಚ್ಚುತ್ತಿದ್ದರು. ಆದರೆ ಆ ದಿನ ಅವಳ ಮೂಗು ಟೊಮೇಟೊ ಆಗಿತ್ತು. ಇಲ್ಲಮ್ಮ ಎಂದಷ್ಟೇ ಹೇಳಿದೆ.

ನನಗೆ ಬರುವ ಅಕ್ಷರ ನನ್ನ ಹೆಸರಿನಷ್ಟೇ. ಆದರೆ ಮೂವತ್ತು ವರ್ಷ ಬೇಕರಿಯಲ್ಲಿ ದುಡಿದಿದ್ದೇನೆ. ಅಲ್ಲಿ ಡಬ್ಬಿಗಳ ಮೇಲಿನ ಚೀಟಿಗಳು ನೆನೆದು ಬಿದ್ದುಹೋಗುತ್ತಿದ್ದವು. ಯಾವುದು ಸಕ್ಕರೆ ಪುಡಿ, ಯಾವುದು ಹಿಟ್ಟು ಗೊತ್ತಾಗುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡು ನೋಡಲು ಮೇಸ್ತ್ರಿ ಬಿಡುತ್ತಿರಲಿಲ್ಲ. ರುಚಿ ನೋಡುವ ನೆಪದಲ್ಲಿ ಗೋದಾಮೇ ನುಂಗುತ್ತೀರಿ ಎನ್ನುತ್ತಿದ್ದ. ಹಾಗಾಗಿ ಕಿಟಕಿಯ ಕಟ್ಟೆಯ ಮೇಲೆ ಒಂದೊಂದು ಚಿಟಿಕೆ ಇಟ್ಟು ಇರುವೆಗಳನ್ನು ಕೇಳುತ್ತಿದ್ದೆವು. ಅವು ಒಂದು ದಿನವೂ ಸುಳ್ಳು ಹೇಳಲಿಲ್ಲ.

ಮರುದಿನ ಅಡುಗೆಮನೆಯ ಕಿಟಕಿಯಲ್ಲಿ ನಾಲ್ಕು ತಟ್ಟೆ ಇಟ್ಟೆ. ಒಂದರಲ್ಲಿ ಹಸಿರು ಡಬ್ಬಿಯ ಮೊಸರು, ಒಂದರಲ್ಲಿ ಹಸಿರು ಪೊಟ್ಟಣದ ಬಿಸ್ಕತ್ತಿನ ಚೂರು. ಮೂರನೆಯದರಲ್ಲಿ ಕೆನೆ ತೆಗೆದ ಹಾಲು. ನಾಲ್ಕನೆಯದರಲ್ಲಿ ನಾನು ಹಿಂದಿನ ದಿನ ಹೆಪ್ಪು ಹಾಕಿದ್ದ ಮೊಸರು.

ಸೊಸೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಸೈನ್ಯವೇ ಇಳಿದಿತ್ತು. ಜಗತ್ತಿನ ಇರುವೆಗಳೆಲ್ಲ ನೆಂಟರಿಷ್ಟರನ್ನು ಕರೆದುಕೊಂಡು ಬಂದಿದ್ದವು. ಹಸಿರು ಡಬ್ಬಿಯ ಮೊಸರು ಕಪ್ಪಗಾಗಿತ್ತು. ಬಿಸ್ಕತ್ತಿನ ಚೂರುಗಳು ಕಾಲು ಬಂದು ನಡೆಯುತ್ತಿದ್ದವು. ಹಾಲಿನ ಹತ್ತಿರ ಎರಡು ಇರುವೆ ಹಾಗೇ ಸುತ್ತಾಡಿಕೊಂಡಿದ್ದವು. ನನ್ನ ಮೊಸರನ್ನು ಒಂದೂ ಮೂಸಿರಲಿಲ್ಲ.

ಸೊಸೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಇರುವೆಗಳನ್ನು ನೋಡಿದಳು. ಬ್ಯಾಗಿನಿಂದ ಅಂಗಡಿಯ ಭೂತಗನ್ನಡಿ ತೆಗೆದು ಡಬ್ಬಿ ತಿರುಗಿಸಿ ಹಿಂಬದಿ ಓದತೊಡಗಿದಳು. ಹಾಲಾದ ಮೇಲೆ ಎರಡನೆಯ ಹೆಸರೇ ಸಕ್ಕರೆ. ಆಮೇಲೆ ಗಟ್ಟಿಯಾಗಲಿ ಎಂದು ಹಿಟ್ಟು. ಬಿಸ್ಕತ್ತಿನಲ್ಲಿ ಸಕ್ಕರೆ, ಅದರ ಬೆನ್ನಿಗೆ ಸಕ್ಕರೆ ಪಾಕ. ಓದುತ್ತಾ ಓದುತ್ತಾ ನೆಲದ ಮೇಲೆ ಕೂತುಬಿಟ್ಟಳು.

"ದಿನವಿಡೀ ಊರಿಗೆಲ್ಲ ಸಣ್ಣಕ್ಷರ ಓದಿಸ್ತೀಯ" ಎಂದೆ. "ಡಬ್ಬಿಗೆ ಹಿಂದುಗಡೇನೂ ಇರುತ್ತೆ ಅಂತ ಯಾರೂ ಹೇಳಲಿಲ್ವಾ ನಿನಗೆ?"

ಅಳುತ್ತಲೇ ನಕ್ಕಳು. ಆಮೇಲೆ ಬೆಣ್ಣೆಯ ವಿಷಯಕ್ಕೆ ತಪ್ಪಾಯಿತು ಎಂದಳು.

ಇನ್ನೇನು ಬೆಣ್ಣೆ ಡಬ್ಬಿ ಮೆರವಣಿಗೆಯಲ್ಲಿ ವಾಪಸು ಬರುತ್ತದೆ ಎಂದುಕೊಂಡೆ. ಸೊಸೆ ಡಾಕ್ಟರಮ್ಮನನ್ನು ಕೇಳಿ ಬಂದಳು. ಕೆನೆ ತೆಗೆದ ಬರೀ ಹಾಲು ಒಳ್ಳೆಯದೇ, ಸಕ್ಕರೆ ಹಾಕದ ಮೊಸರೂ ಸರಿ, ಬೆಣ್ಣೆ ಸವರುವಷ್ಟು ಸಾಕು, ಸೌಟಿನಲ್ಲಿ ಬೇಡ ಎಂದರಂತೆ. ಇರುವೆಗಳಿಗೂ ನನ್ನ ಮೇಲೆ ಕರುಣೆ ಇರಲಿಲ್ಲ. ಮರುದಿನ ಅವುಗಳ ಸಾಲು ಗೋಡೆ ಹತ್ತಿ ನೇರ ನನ್ನ ಬೀರುವಿಗೆ ಹೋಯಿತು. ಸೀರೆಯ ಕೆಳಗೆ ಅಡಗಿಸಿಟ್ಟಿದ್ದ ಜಾಮ್ ಬಿಸ್ಕತ್ತು ಸಿಕ್ಕಿಬಿತ್ತು. ಸೊಸೆ ಭೂತಗನ್ನಡಿ ಹಿಡಿದುಕೊಂಡೇ ಬಂದಳು. ಗೆದ್ದವಳಿಗೂ ದಂಡ.

ಅಲ್ಲಿಂದ ಎರಡು ತಿಂಗಳು ಮಗ ನನ್ನ ಮೊಸರು ತಿಂದ. ಬಿಸ್ಕತ್ತಿಗೆ ಕೈ ಮುಗಿದ. ಡಿಪೋದಿಂದ ಮನೆಗೆ ದಿನಾ ನಡೆದೇ ಬಂದ. ಹೊಟ್ಟೆ ಈಗ ಅವನ ಸ್ಟಾಪಿನಲ್ಲೇ ಇಳಿಯತೊಡಗಿತು.

ತಪಾಸಣೆಯ ದಿನ ನಾನೂ ಸೊಸೆಯೂ ಬಸ್ ಸ್ಟಾಪಿನಲ್ಲಿ ನಿಂತೆವು. ಪಾಸಾದರೆ ಮಧ್ಯಾಹ್ನದ ಹದಿನಾಲ್ಕನೇ ನಂಬರು ಅವನದೇ. ಇಲ್ಲದಿದ್ದರೆ ಬೇರೆಯವನು ಓಡಿಸಿಕೊಂಡು ಬರುತ್ತಾನೆ. ಸೊಸೆ ನನ್ನ ಕೈಯನ್ನು ನುಜ್ಜುಗುಜ್ಜಾಗುವಂತೆ ಹಿಡಿದಿದ್ದಳು. ತಿರುವಿನಲ್ಲಿ ಬಸ್ಸು ಕಾಣಿಸಿತು. ಗಾಜಿನ ಮೇಲೆ ಬಿಸಿಲು ಬಿದ್ದು ಯಾರೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಾರ್ನ್ ಕೂಗಿತು, ಒಂದಲ್ಲ, ಮೂರು ಸಲ. ಆ ಸದ್ದಿಗೆ ಪಕ್ಕದ ಊರಿನ ನಾಯಿಗಳೂ ಎದ್ದಿರಬೇಕು.

ಬಾಗಿಲು ತೆರೆಯಿತು.

"ಹತ್ತಮ್ಮ" ಎಂದ ಮಗ. "ಯಾವ ಮಾತ್ರೆ ತಗೊಂಡ್ರಿ ಅಂತ ಡಿಪೋದಲ್ಲಿ ಎಲ್ರೂ ಕೇಳಿದ್ರು. ನಮ್ಮನೆ ಇರುವೆಗಳನ್ನ ಕೇಳಿ ಅಂದೆ."

ಡ್ರೈವರಿನ ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತೆ. ಸೊಸೆ ಆಗಲೇ ಇಡೀ ಬಸ್ಸಿಗೆ ಕಥೆ ಶುರು ಮಾಡಿದ್ದಳು. ಮುಂದಿನ ಕೆಂಪು ದೀಪಕ್ಕೆ ಮಗ ಬ್ರೇಕ್ ಹಾಕಿದ. ಎದುರು ಸೀಟಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ್ದ ಕೂಸು ಮಗ್ಗುಲು ಕೂಡ ಬದಲಿಸಲಿಲ್ಲ.